ಬಡವರ ವಕಾಲತ್ತು

ನ್ಯಾಯಾಲಯದ ಬಾಗಿಲು ಎಲ್ಲರಿಗೂ ತೆರೆದಿದೆ ಎಂಬ ಮಾತನ್ನು ನಾವು ರಾಜ್ಯಶಾಸ್ತ್ರದ ತರಗತಿಯಲ್ಲಿ ಹಲವು ಸಲ ಕೇಳಿದ್ದೇವೆ. ಸಂವಿಧಾನದ 14ನೆಯ ಅನುಚ್ಛೇದವು ಕಾನೂನಿನ ಮುಂದೆ ಸರ್ವರೂ ಸಮಾನರೆಂದು ಸಾರುತ್ತದೆ. ಪರೀಕ್ಷೆಯಲ್ಲಿ ಆ ವಿಷಯವಾಗಿ ಪ್ರಶ್ನೆಯೂ ಬರುತ್ತದೆ, ನಾವು ಉತ್ತರವನ್ನೂ ಬರೆಯುತ್ತೇವೆ. ಆದರೆ ತೆರೆದ ಬಾಗಿಲಿನೊಳಗೆ ಹೋದವನಿಗೆ ಅಲ್ಲಿ ಏನು ಹೇಳಬೇಕು, ಯಾವ ಕಾಗದವನ್ನು ಎಷ್ಟು ದಿನದೊಳಗೆ ಕೊಡಬೇಕು, ಯಾವ ಮಾತನ್ನು ಆಡದೆ ಬಿಟ್ಟರೆ ತನ್ನ ಹಕ್ಕು ಹೋಗುತ್ತದೆ ಎಂಬುದೊಂದೂ ತಿಳಿಯದಿದ್ದರೆ ಆ ಬಾಗಿಲು ತೆರೆದಿದ್ದೇನು, ಮುಚ್ಚಿದ್ದೇನು? ಇದನ್ನೆಲ್ಲ ತಿಳಿದವರು ವಕೀಲರು. ವಕೀಲರಿಗೆ ಫೀಸು ಕೊಡಲಾರದವರ ಗತಿ ಏನು ಎಂಬುದೇ ಪ್ರಕೃತ ಲೇಖನದ ವಿಷಯ. ಅದರಲ್ಲಿಯೂ ಸಿವಿಲ್ ದಾವೆಗಳ ಮಟ್ಟಿಗೆ ಮಾತ್ರ ನಾನು ಇಲ್ಲಿ ಬರೆಯುತ್ತೇನೆ.

ಕ್ರಿಮಿನಲ್ ಮೊಕದ್ದಮೆಯ ವಿಷಯ ಬೇರೆ. ಆರೋಪಿಗೆ ವಕೀಲನಿಲ್ಲದಿದ್ದರೆ ಸರಕಾರದ ಖರ್ಚಿನಲ್ಲಿ ಒಬ್ಬನನ್ನು ಕೊಡಬೇಕು ಎಂಬುದು ಬಹುಮಂದಿಗೆ ಗೊತ್ತು. ಬಿಹಾರದ ಸೆರೆಮನೆಗಳಲ್ಲಿ ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದವರ ಸಂಬಂಧವಾದ ಹುಸೇನಾರಾ ಖಾತೂನ್ ಮೊಕದ್ದಮೆಯಲ್ಲಿ 1979ರಲ್ಲಿ ಸುಪ್ರೀಂ ಕೋರ್ಟು ಅದನ್ನು ಸ್ಪಷ್ಟವಾಗಿಯೇ ಹೇಳಿತು. ದಂಡ ಪ್ರಕ್ರಿಯಾ ಸಂಹಿತೆಯ 304ನೆಯ ಕಲಮಿನಲ್ಲಿದ್ದ ಈ ಏರ್ಪಾಡು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 341ನೆಯ ಕಲಮಾಗಿ ಮುಂದುವರಿದಿದೆ. ಸಿವಿಲ್ ದಾವೆಯಲ್ಲಿ ಸಾಮಾನ್ಯವಾಗಿ ಯಾರೂ ಸೆರೆಮನೆಗೆ ಹೋಗುವುದಿಲ್ಲ. ಆದುದರಿಂದ ಅದು ಹಗುರವಾದದ್ದೆಂಬ ಭಾವನೆ ಓದಿದವರಲ್ಲಿಯೂ ಇದೆ. ಇದು ಸರಿಯಲ್ಲ. ಕೂತ ಮನೆ, ನಡೆಯುವ ದಾರಿ, ಸತ್ತ ಗಂಡನ ಪಾಲು, ಅಪಘಾತದ ಪರಿಹಾರ, ಬಿಟ್ಟುಹೋದವನಿಂದ ಬರಬೇಕಾದ ಜೀವನಾಂಶ, ದುಡಿದ ಕೆಲಸದ ಗ್ರಾಚ್ಯುಯಿಟಿ, ಇವೆಲ್ಲ ಸಿವಿಲ್ ಹಕ್ಕಿನ ಪ್ರಶ್ನೆಗಳೇ. ಆರು ತಿಂಗಳ ಸೆರೆವಾಸವನ್ನು ಅನುಭವಿಸಿದವನು ಏಳನೆಯ ತಿಂಗಳು ಮನೆಗೆ ಬರುತ್ತಾನೆ. ಮನೆಯೇ ಹೋದವಳು ಎಲ್ಲಿಗೆ ಬರಬೇಕು?

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಇಂತಹ ತಕರಾರುಗಳಿಗೆ ಕೊರತೆಯಿಲ್ಲ. ಒಂದು ಕಾಲದಲ್ಲಿ ಮೂಲಗೇಣಿ, ಚಾಲಗೇಣಿ, ಈಗಲೂ ಕುಮ್ಕಿ, ಅಳಿಯಸಂತಾನದ ಕುಟುಂಬಗಳಲ್ಲಿ ಕವರಿನ ಪಾಲು, ಎರಡು ತೋಟಗಳ ನಡುವಿನ ತೋಡು, ಗುಡ್ಡದ ಮೇಲಿನ ಮನೆಗೆ ಹೋಗುವ ಕಾಲುದಾರಿ. ನಮ್ಮ ನರಿಕೊಂಬಿನಲ್ಲಿ ಒಂದು ಅಡಿಕೆ ಮರ ಗಡಿಯ ಆಚೆಗಿದೆಯೋ ಈಚೆಗಿದೆಯೋ ಎಂಬ ವಿಷಯವಾಗಿ ಎರಡು ತಲೆಮಾರು ಮಾತು ಬಿಟ್ಟ ಮನೆಗಳನ್ನು ನಾನು ಬಲ್ಲೆ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಇಲ್ಲಿ ಎಲ್ಲರ ಬಾಯಲ್ಲಿಯೂ ಇದೆ. ಆದರೂ ದಾವೆಗಳು ನಿಂತಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಗಾದೆಯು ಕೋರ್ಟಿಗೆ ಹೋಗಬಲ್ಲವನನ್ನು ತಡೆದದ್ದಿಲ್ಲ. ಹೋಗಲಾರದವನಿಗೆ ಸಮಾಧಾನ ಹೇಳಲು ಮಾತ್ರ ಉಪಯೋಗವಾಗಿದೆ.

ಬಡವನೂ ದಾವೆ ಹೂಡಬಹುದು ಎಂಬ ಏರ್ಪಾಡು ಬ್ರಿಟಿಷರ ಕಾಲದಿಂದಲೂ ಇತ್ತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೆಯ ಆದೇಶವು ಅದಕ್ಕಾಗಿಯೇ ಇರುವಂಥದು. ಮೊದಲು ಅದರಲ್ಲಿದ್ದ ಪದ ‘ಪಾಪರ್’. ಕೈಬರಿದಾದವನು ‘ಪಾಪರ್ ಚೀಟಿ’ ತೆಗೆದುಕೊಂಡ ಎಂದು ನಮ್ಮ ಹಿರಿಯರು ಈಗಲೂ ಹೇಳುವುದುಂಟು. ಕೋರ್ಟಿನ ಒಂದು ಪದವು ಊರಿನ ಬೈಗುಳವಾದದ್ದು ಹೀಗೆ. 1976ರ ತಿದ್ದುಪಡಿಯಲ್ಲಿ ಆ ಪದವನ್ನು ತೆಗೆದು ‘ನಿರ್ಗತಿಕ’ ಎಂಬ ಅರ್ಥದ ಪದವನ್ನು ಹಾಕಿದರು. ಪದ ಏನೇ ಇರಲಿ, ಆ ಏರ್ಪಾಡಿನ ತಿರುಳನ್ನು ನೋಡಬೇಕು. ಕೋರ್ಟ್ ಫೀ ಕಟ್ಟುವಷ್ಟು ಶಕ್ತಿಯಿಲ್ಲವೆಂದು ಸಿದ್ಧಪಡಿಸಿದವನು ಫೀ ಕಟ್ಟದೆಯೇ ದಾವೆ ಹೂಡಬಹುದು. ಆದರೆ ಫೀ ಮಾಫಿಯಾಗುವುದಿಲ್ಲ, ಮುಂದಕ್ಕೆ ಹೋಗುತ್ತದೆ, ಅಷ್ಟೆ. ಸೋತರೆ ಅದನ್ನು ಕಟ್ಟೆಂದು ಅವನಿಗೇ ಆಜ್ಞೆಯಾಗುತ್ತದೆ. ಇನ್ನು ವಕೀಲನ ವಿಷಯ: 1976ರವರೆಗೆ ಸಂಹಿತೆಯಲ್ಲಿ ಅದರ ಮಾತೇ ಇರಲಿಲ್ಲ. ಆ ವರ್ಷ ಸೇರಿಸಿದ 9-ಎ ನಿಯಮದಿಂದ, ವಕೀಲನಿಲ್ಲದ ನಿರ್ಗತಿಕನಿಗೆ ನ್ಯಾಯಾಲಯವೇ ಒಬ್ಬ ವಕೀಲನನ್ನು ಗೊತ್ತುಮಾಡಬಹುದೆಂದಾಯಿತು. ಹೀಗೆ 68 ವರ್ಷಗಳ ಕಾಲ ಬಡವನಿಗೆ ನಮ್ಮ ಸಂಹಿತೆಯು ಕೊಟ್ಟದ್ದು ಟಿಕೇಟಿಲ್ಲದೆ ಬಸ್ಸು ಹತ್ತುವ ಅನುಮತಿ; ಬಸ್ಸು ಎಲ್ಲಿಗೆ ಹೋಗುತ್ತದೆಂದು ಹೇಳುವವರಿರಲಿಲ್ಲ.

ಯೋಚನೆಗಳೇನೋ ನಡೆದಿದ್ದವು. ಇಂಗ್ಲೆಂಡಿನಲ್ಲಿ 1949ರಲ್ಲಿ ಕಾನೂನು ನೆರವಿನ ಕಾಯಿದೆ ಬಂತು. ಅದೇ ವರ್ಷ ಮುಂಬಯಿ ಸರಕಾರವು ನ್ಯಾಯಮೂರ್ತಿ ಎನ್. ಎಚ್. ಭಗವತಿಯವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. 1958ರಲ್ಲಿ ಸೆಟಲ್ವಾಡರ ಅಧ್ಯಕ್ಷತೆಯ ಕಾನೂನು ಆಯೋಗವು ತನ್ನ 14ನೆಯ ವರದಿಯಲ್ಲಿ ಬಡವರಿಗೆ ಕಾನೂನು ನೆರವು ಕೊಡುವುದು ರಾಜ್ಯದ ಹೊಣೆಯೆಂದು ಬರೆಯಿತು. 1973ರಲ್ಲಿ ಕೃಷ್ಣ ಅಯ್ಯರ್ ಸಮಿತಿಯ ವರದಿ. ಕೊನೆಗೆ ಸಂವಿಧಾನದ 42ನೆಯ ತಿದ್ದುಪಡಿಯು 1976ರಲ್ಲಿ 39-ಎ ಎಂಬ ಅನುಚ್ಛೇದವನ್ನು ಸೇರಿಸಿತು. ಹಣವಿಲ್ಲದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು, ರಾಜ್ಯವು ಉಚಿತ ಕಾನೂನು ನೆರವನ್ನು ಒದಗಿಸಬೇಕು ಎಂಬುದು ಅದರ ಸಾರ. ತುರ್ತುಪರಿಸ್ಥಿತಿಯ ಆ ತಿದ್ದುಪಡಿಯಲ್ಲಿ ಒಳ್ಳೆಯದೇನೂ ಇರಲಿಲ್ಲವೆಂದು ವಾದಿಸುವ ನನ್ನ ಸಹಪಾಠಿಗಳು ಇದೊಂದನ್ನು ಮಾತ್ರ ಬಿಟ್ಟು ವಾದಿಸಲಿ ಎಂದು ನನ್ನ ವಿನಂತಿ.

ಇನ್ನು ಈ ವಿಷಯದಲ್ಲಿ ನಮ್ಮ ರಾಜ್ಯದಲ್ಲಿಯೇ, ಅದರಲ್ಲಿಯೂ ನಮ್ಮ ಜಿಲ್ಲೆಗೆ ತೀರ ಹತ್ತಿರವಾಗಿ, ನಡೆದ ಒಂದು ವಿಚಿತ್ರ ಪ್ರಯೋಗವನ್ನು ಹೇಳಬೇಕು. ಬಡವನಿಗೆ ವಕೀಲನನ್ನು ಕೊಡುವುದು ಒಂದು ದಾರಿ. ಇಬ್ಬರಿಗೂ ವಕೀಲರಿಲ್ಲದಂತೆ ಮಾಡುವುದು ಇನ್ನೊಂದು ದಾರಿ. ಕರ್ನಾಟಕವು ಎರಡನೆಯದನ್ನೇ ಮೊದಲು ಹಿಡಿಯಿತು. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ ಕಾಯಿದೆಯು 1974ರ ಮಾರ್ಚ್ 1ರಿಂದ ಜಾರಿಗೆ ಬಂತಷ್ಟೆ. ಗೇಣಿಯ ಭೂಮಿಯೆಲ್ಲ ಆ ದಿನ ಸರಕಾರಕ್ಕೆ ಸೇರಿತು. ಗೇಣಿದಾರನು 7ನೆಯ ನಮೂನೆಯಲ್ಲಿ ಅರ್ಜಿ ಹಾಕಿ ತಾನು ಗೇಣಿದಾರನೆಂದು ತೋರಿಸಿದರೆ ಒಡೆತನವು ಅವನಿಗೆ ಬರುವುದು. ಗೇಣಿ ಪದ್ಧತಿಯು ಆಳವಾಗಿ ಬೇರುಬಿಟ್ಟಿದ್ದ ದಕ್ಷಿಣ ಕನ್ನಡದಲ್ಲಿ ಈ ಅರ್ಜಿಗಳ ರಾಶಿಯೇ ಬಿತ್ತು. ಅವುಗಳನ್ನು ತೀರ್ಮಾನಿಸಿದ್ದು ಸಿವಿಲ್ ಕೋರ್ಟಲ್ಲ, ತಾಲೂಕಿನ ಭೂನ್ಯಾಯಮಂಡಳಿ. ಅಸಿಸ್ಟೆಂಟ್ ಕಮಿಷನರರು ಅಧ್ಯಕ್ಷರು, ಸರಕಾರ ನೇಮಿಸಿದ ಇತರ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಕಾಯಿದೆಯ 48ನೆಯ ಕಲಮಿನ 8ನೆಯ ಉಪಕಲಮು ಹೇಳಿದ್ದು ಇಷ್ಟು: ಈ ಮಂಡಳಿಯ ಮುಂದೆ ಯಾವ ವಕೀಲನೂ ಹಾಜರಾಗತಕ್ಕದ್ದಲ್ಲ.

ಅದರ ಉದ್ದೇಶವನ್ನು ಊಹಿಸುವುದು ಕಷ್ಟವಲ್ಲ. ಧನಿಗಳ ಪರವಾಗಿ ಮಂಗಳೂರಿನ ದೊಡ್ಡ ವಕೀಲರು ಬರುವರು, ಒಕ್ಕಲಿನ ಪರವಾಗಿ ಯಾರು ಬರುವರು? ಇಬ್ಬರೂ ಬರಿಗೈಯಲ್ಲಿ ನಿಲ್ಲಲಿ, ಸದಸ್ಯರು ಊರಿನ ಸಂಗತಿ ಬಲ್ಲವರು, ಸತ್ಯ ಹೊರಬೀಳುವುದು ಎಂದು ಕಾಯಿದೆ ಮಾಡಿದವರು ಎಣಿಸಿರಬೇಕು. ಈ ಎಣಿಕೆಯಲ್ಲಿ ಅರ್ಧ ಸತ್ಯವಿತ್ತು. ಓದುಬರಹ ಬಾರದ ಒಕ್ಕಲು ತುಳುವಿನಲ್ಲಿಯೇ ತನ್ನ ಕಥೆಯನ್ನು ಹೇಳಿಕೊಳ್ಳುವ ಅವಕಾಶ ಅಲ್ಲಿತ್ತು. ಉಳಿದರ್ಧವನ್ನು ಯೋಚಿಸಬೇಕು. ಧನಿಯ ಬಳಿ ಗೇಣಿಚೀಟಿ, ಲೆಕ್ಕದ ಪುಸ್ತಕ, ಇಂಗ್ಲಿಷು ಬಲ್ಲ ಮಗ ಇರುತ್ತಿದ್ದರು. ವಕೀಲನನ್ನು ಹೊರಗೆ ನಿಲ್ಲಿಸಿದ ಮಾತ್ರಕ್ಕೆ ಇವು ಹೊರಗೆ ನಿಲ್ಲುವುದಿಲ್ಲ. ಅಲ್ಲದೆ ಮಂಡಳಿಯ ತೀರ್ಮಾನದ ಮೇಲೆ ಅಪೀಲು ಇಲ್ಲದಿದ್ದ ವರ್ಷಗಳಲ್ಲಿ ಉಳಿದ ದಾರಿಯೆಂದರೆ ಬೆಂಗಳೂರಿನ ಹೈಕೋರ್ಟಿಗೆ ರಿಟ್ ಅರ್ಜಿ. ಅಲ್ಲಿ ವಕೀಲರಿಗೆ ನಿಷೇಧವಿರಲಿಲ್ಲ. ಬಂಟ್ವಾಳದಲ್ಲಿ ವಕೀಲನಿಲ್ಲದೆ ಗೆದ್ದ ಒಕ್ಕಲು, ಘಟ್ಟ ಹತ್ತಿ ಮುನ್ನೂರು ಮೈಲಿಗಲ್ಲಲ್ಲದಿದ್ದರೂ ಮುನ್ನೂರು ಕಿಲೋಮೀಟರು ಮೀರಿದ ಊರಿನಲ್ಲಿ ವಕೀಲನಿಲ್ಲದೆ ಸೋಲುವ ಸಂಭವವಿತ್ತು. 1987ರಲ್ಲಿ ಶ್ರೀನಿವಾಸ ರಾಘವಾಚಾರ್ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಭೂಸುಧಾರಣೆಯನ್ನು ಎತ್ತಿಹಿಡಿದು, ವಕೀಲರ ಮೇಲಿನ ನಿಷೇಧವನ್ನು ಮಾತ್ರ ಒಪ್ಪಲಿಲ್ಲ. ವಕೀಲರ ಕಾಯಿದೆಯು ಕೇಂದ್ರದ್ದು, ಅದಕ್ಕೆ ವಿರುದ್ಧವಾಗಿ ರಾಜ್ಯವು ಅವರನ್ನು ತಡೆಯಲಾರದು ಎಂಬುದು ಕಾರಣ. ಬಡವನ ಮಾತು ಅದರಲ್ಲಿ ಬರಲಿಲ್ಲ. ಆದರೂ ಆ ದಿನದಿಂದ ಬಾಗಿಲು ಇಬ್ಬರಿಗೂ ತೆರೆಯಿತು, ಎಂದರೆ ಹಣವಿದ್ದವನಿಗೆ ತೆರೆಯಿತು.

ಕಾಕತಾಳೀಯವೆಂಬಂತೆ ಅದೇ 1987ರಲ್ಲಿ ಪಾರ್ಲಿಮೆಂಟು ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯನ್ನು ಅಂಗೀಕರಿಸಿತು. ಅಂಗೀಕರಿಸಿ ಎಂಟು ವರ್ಷ ಕಪಾಟಿನಲ್ಲಿಟ್ಟರು. ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ನಮ್ಮ ಕಾಲೇಜಿನಲ್ಲಿಯೂ ಪ್ರತಿವರ್ಷ ಆ ದಿನ ಕಾನೂನು ಸೇವೆಗಳ ದಿನವೆಂದು ಒಂದು ಭಾಷಣ ನಡೆಯುತ್ತದೆ. ಭಾಷಣ ಮುಗಿದ ಮೇಲೆ ಚಹಾ ಇರುತ್ತದೆ, ಪ್ರಶ್ನೆ ಕೇಳುವವರು ಕಡಿಮೆ.

ಈ ಕಾಯಿದೆಯ ಕಟ್ಟಡವು ಮೇಲಿನಿಂದ ಕೆಳಗೆ ಹೀಗಿದೆ: ದೆಹಲಿಯಲ್ಲಿ ರಾಷ್ಟ್ರೀಯ ಪ್ರಾಧಿಕಾರ, ಬೆಂಗಳೂರಿನಲ್ಲಿ ರಾಜ್ಯ ಪ್ರಾಧಿಕಾರ, ಮಂಗಳೂರಿನಲ್ಲಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರ, ತಾಲೂಕಿನಲ್ಲಿ ಅಲ್ಲಿನ ಹಿರಿಯ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ. ನಮ್ಮ ಗ್ರಾಮದವರಿಗೆ ಬೇಕಾದದ್ದು ಈ ಕೊನೆಯದು. ನೇತ್ರಾವತಿಯ ಸೇತುವೆ ದಾಟಿ ಬಿ. ಸಿ. ರೋಡಿನ ಕೋರ್ಟಿಗೆ ಹೋದರೆ ಅಲ್ಲಿಯೇ ಅದರ ಕಚೇರಿ. ಕಾಯಿದೆಯಲ್ಲಿ ನಮಗೆಲ್ಲ ಮುಖ್ಯವಾದದ್ದು 12ನೆಯ ಕಲಮು. ಸರಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯಲು ಯಾರು ಅರ್ಹರು ಎಂಬುದನ್ನು ಅದು ಹೇಳುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಹೆಂಗಸರು ಮತ್ತು ಮಕ್ಕಳು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ನೆರೆ, ಬರ, ಭೂಕಂಪ ಮೊದಲಾದ ವಿಪತ್ತಿಗೆ ಸಿಕ್ಕಿದವರು, ಮಾನವ ಸಾಗಾಣಿಕೆಗೂ ಬಿಟ್ಟಿ ದುಡಿಮೆಗೂ ತುತ್ತಾದವರು, ಬಂಧನದಲ್ಲಿರುವವರು. ಇವರಾರಿಗೂ ಆದಾಯದ ಮಿತಿಯೇ ಇಲ್ಲ. ಉಳಿದವರಿಗೆ ಮಾತ್ರ ಮಿತಿಯುಂಟು. ನಮ್ಮ ರಾಜ್ಯದಲ್ಲಿ ಅದು ಈಗ ವರ್ಷಕ್ಕೆ 3 ಲಕ್ಷ ರೂಪಾಯಿ. ಆದಾಯದ ಬಗೆಗೆ ಅರ್ಜಿದಾರನ ಪ್ರಮಾಣಪತ್ರವನ್ನೇ ಸಾಕೆಂದು ಒಪ್ಪಬಹುದೆಂದು 13ನೆಯ ಕಲಮು ಹೇಳುತ್ತದೆ, ನಂಬದಿರಲು ಕಾರಣವಿದ್ದರೆ ಮಾತು ಬೇರೆ. ದಾವೆಯಲ್ಲಿ ಮೇಲುನೋಟಕ್ಕಾದರೂ ಹುರುಳಿರಬೇಕು ಎಂಬ ಷರತ್ತೂ ಇದೆ. ಬಿಟ್ಟಿ ವಕೀಲ ಸಿಕ್ಕಿದರೆ ಜನರು ಹುಲ್ಲುಕಡ್ಡಿಗೂ ದಾವೆ ಹೂಡುವರು ಎಂದು ಹೆದರುವವರಿಗೆ ಇದು ಉತ್ತರ.

‘ಹೆಂಗಸರು’ ಎಂಬ ಒಂದು ಪದವನ್ನು ಮತ್ತೊಮ್ಮೆ ಓದಬೇಕೆಂದು ವಾಚಕರನ್ನು ಕೇಳಿಕೊಳ್ಳುತ್ತೇನೆ. ಬಡ ಹೆಂಗಸರು ಎಂದಿಲ್ಲ. ಬಂಗಲೆಯ ಒಡತಿಗೂ ಈ ನೆರವು ಸಿಗುತ್ತದೆಯಲ್ಲ, ಇದು ಅನ್ಯಾಯವಲ್ಲವೇ ಎಂದು ನಮ್ಮ ಚರ್ಚಾಕೂಟದಲ್ಲಿ ಒಬ್ಬ ಮಿತ್ರರು ಕೇಳಿದರು. ಬಂಗಲೆ ಯಾರ ಹೆಸರಿನಲ್ಲಿದೆ ಎಂದು ಮೊದಲು ವಿಚಾರಿಸಬೇಕು ಎಂದು ನಾನು ಉತ್ತರ ಕೊಟ್ಟೆ. ಗಂಡನ ವಿರುದ್ಧವೋ ಅಣ್ಣಂದಿರ ವಿರುದ್ಧವೋ ನಿಲ್ಲಬೇಕಾದ ಹೆಂಗಸಿಗೆ ಮನೆಯ ಆದಾಯವು ತನ್ನ ಆದಾಯವಲ್ಲ. ಬಂಟ್ವಾಳ ತಾಲೂಕಿನಲ್ಲಿ ಎಷ್ಟು ಮನೆಗಳಲ್ಲಿ ಬೀಡಿಯ ತಡ್ಪೆ ಮಡಿಲಲ್ಲಿಲ್ಲದ ಹೆಂಗಸರಿದ್ದಾರೆಂದು ಎಣಿಸಿದರೆ ಕೈಬೆರಳು ಸಾಕಾಗಬಹುದು. ಇದನ್ನು ಹೇಳುವಾಗ ಇನ್ನೊಂದು ಸಂಗತಿ ನೆನಪಾಗುತ್ತದೆ. ಬೀಡಿ ಮತ್ತು ಸಿಗಾರ್ ಕಾರ್ಮಿಕರ 1966ರ ಕಾಯಿದೆ ಊರ್ಜಿತವೇ ಅಲ್ಲವೇ ಎಂಬ ವಿವಾದವು ಸುಪ್ರೀಂ ಕೋರ್ಟಿನವರೆಗೆ ಹೋಗಿ 1974ರಲ್ಲಿ ತೀರ್ಮಾನವಾಯಿತು, ಕಾಯಿದೆ ಉಳಿಯಿತು. ಆ ಮೊಕದ್ದಮೆಯ ಹೆಸರು ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ವಿರುದ್ಧ ಭಾರತ ಒಕ್ಕೂಟ. ಉದ್ಯಮದವರು ದೆಹಲಿಯವರೆಗೆ ಹೋಗುವುದು ಅವರ ಹಕ್ಕು, ಅದರಲ್ಲಿ ತಪ್ಪೇನೂ ಇಲ್ಲ. ಬೀಡಿ ಕಟ್ಟುವವಳು ಬಿ. ಸಿ. ರೋಡಿನವರೆಗಾದರೂ ಹೋಗುವಂತಿರಬೇಕು ಎಂಬುದಷ್ಟೇ ನನ್ನ ಮಾತು.

ಇಷ್ಟನ್ನು ನಾನು ಪಠ್ಯಪುಸ್ತಕದಿಂದ ತಿಳಿದವಳಲ್ಲ. ನನ್ನ ದೊಡ್ಡಮ್ಮನ ಕಾರಣದಿಂದ ತಿಳಿಯಬೇಕಾಯಿತು. ಅವರು ವಿಧವೆ, ಗಂಡನ ಮನೆಯ ಹಳೆಯ ಹಿಡುವಳಿಯ ಒಂದು ಮೂಲೆಯಲ್ಲಿ ಸಣ್ಣ ಮನೆ, ಇಪ್ಪತ್ತು ಚಿಲ್ಲರೆ ಅಡಿಕೆ ಮರ, ಒಂದು ಬಾವಿ. ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ಅಮೀನರೊಬ್ಬರು ಬಂದು ಒಂದು ಕಟ್ಟು ಕಾಗದವನ್ನು ಕೊಟ್ಟು ರುಜು ಹಾಕಿಸಿಕೊಂಡು ಹೋದರು. ದೊಡ್ಡಮ್ಮ ಅದನ್ನು ದೇವರ ಪಟದ ಹಿಂದೆ ಇಟ್ಟರು. ರೇಶನ್ ಕಾರ್ಡು, ಬ್ಯಾಂಕಿನ ಪುಸ್ತಕ, ಮುಖ್ಯವಾದ ಕಾಗದಗಳೆಲ್ಲ ಇರುವ ಸ್ಥಳ ಅದು. ಹನ್ನೊಂದು ದಿನಗಳ ಮೇಲೆ ನಾನು ಹೋದಾಗ ಕಾಲೇಜಿಗೆ ಹೋಗುವವಳೆಂದು ನನ್ನ ಕೈಗೆ ಕೊಟ್ಟರು. ನಮ್ಮ ಮನೆತನದಲ್ಲಿ ಪದವಿಯವರೆಗೆ ಬಂದವಳು ನಾನೊಬ್ಬಳೇ ಆದುದರಿಂದ ಯಾವ ಕಾಗದ ಬಂದರೂ ನನ್ನ ಕೈಗೆ ಬರುವುದು ವಾಡಿಕೆ. ಅದು ಸಮನ್ಸು ಮತ್ತು ದಾವಾಪತ್ರದ ನಕಲು. ಗಂಡನ ಅಣ್ಣನ ಮಕ್ಕಳು ಹೂಡಿದ ದಾವೆ. ದೊಡ್ಡಮ್ಮನ ಗಂಡ ತೀರಿಕೊಳ್ಳುವ ಮೊದಲೇ ತನ್ನ ಪಾಲನ್ನು ಹಣ ಪಡೆದು ಬಿಟ್ಟುಕೊಟ್ಟಿದ್ದಾರೆ. ಅದಕ್ಕೆ ಅವರೇ ಬರೆದ ಕಾಗದವಿದೆ. ಆದುದರಿಂದ ಜಾಗವು ತಮ್ಮದೆಂದು ಘೋಷಿಸಿ ಸ್ವಾಧೀನ ಕೊಡಿಸಬೇಕು ಎಂಬುದು ಅದರ ತಾತ್ಪರ್ಯ.

ಇಲ್ಲಿ ದಿನಗಳ ಲೆಕ್ಕವನ್ನು ಹೇಳಬೇಕು. ಸಮನ್ಸು ಮುಟ್ಟಿದ 30 ದಿನಗಳೊಳಗೆ ಪ್ರತಿವಾದಿಯು ಉತ್ತರಪತ್ರ ಕೊಡಬೇಕು. ಕಾರಣ ತೋರಿಸಿದರೆ ನ್ಯಾಯಾಲಯವು 90 ದಿನಗಳವರೆಗೆ ಅವಕಾಶ ಕೊಡಬಹುದು. ಕರೆದ ದಿನ ಹಾಜರಾಗದಿದ್ದರೆ ದಾವೆಯು ಏಕಪಕ್ಷೀಯವಾಗಿ ನಡೆದು ಡಿಕ್ರಿಯಾಗಬಹುದು. ಹಾಗಾದ ಡಿಕ್ರಿಯನ್ನು ರದ್ದುಪಡಿಸಲು ಅರ್ಜಿ ಹಾಕುವುದಕ್ಕೂ ಕಾಲಮಿತಿಯಿದೆ, ಅದೂ 30 ದಿನ. ಪಟದ ಹಿಂದೆ ಇದ್ದ ಹನ್ನೊಂದು ದಿನಗಳೆಂದರೆ ಇದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ದೊಡ್ಡಮ್ಮನ ಯೋಚನೆ ಬೇರೆಯೇ ಇತ್ತು. ಜಾಗ ನನ್ನದೆಂದು ಊರಿಗೆಲ್ಲ ಗೊತ್ತು, ನಾನೇಕೆ ಹೋಗಬೇಕು, ಬೇಕಾದರೆ ಅವರೇ ಬಂದು ಕೇಳಲಿ ಎಂದರು. ಊರಿಗೆ ಗೊತ್ತಿರುವುದು ಕೋರ್ಟಿಗೆ ಗೊತ್ತಿರುವುದಿಲ್ಲ ಎಂಬುದನ್ನು ಅವರಿಗೆ ತುಳುವಿನಲ್ಲಿ ವಿವರಿಸಲು ಒಂದು ಸಂಜೆ ಹಿಡಿಯಿತು.

ಮೊದಲು ಒಬ್ಬ ವಕೀಲರ ಬಳಿಗೆ ಹೋದೆವು. ಅವರು ಸಭ್ಯರೇ, ಮೊದಲಿಗೆ ಇಷ್ಟು, ಸಾಕ್ಷಿವಿಚಾರಣೆಯ ಹಂತದಲ್ಲಿ ಇಷ್ಟು ಎಂದು ಬಿಚ್ಚಿಯೇ ಹೇಳಿದರು. ಸಾವಿರ ಬೀಡಿಗೆ ಸಿಗುವ ಮಜೂರಿಯಿಂದ ಅದನ್ನು ಭಾಗಿಸಿ ನೋಡಿದೆ. ದೊಡ್ಡಮ್ಮ ಉಣ್ಣದೆ ಉಡದೆ ತಿಂಗಳುಗಟ್ಟಲೆ ಕಟ್ಟಬೇಕಿತ್ತು. ಹಿಂತಿರುಗುವಾಗ ಬಸ್ಸಿನಲ್ಲಿ ಅವರು, ಆ ಹಣವನ್ನು ಅವರಿಗೆ ಕೊಡುವ ಬದಲು ಜಾಗವನ್ನೇ ಮಕ್ಕಳಿಗೆ ಬಿಟ್ಟುಬಿಡುತ್ತೇನೆ, ಎಷ್ಟಾದರೂ ಅವರ ಕುಟುಂಬದ್ದು ಎಂದರು. ಸಿವಿಲ್ ದಾವೆಯಲ್ಲಿ ಬಡವರು ಸೋಲುವುದು ಹೆಚ್ಚಾಗಿ ಹೀಗೆ, ಬಸ್ಸಿನಲ್ಲಿ ಸೋಲುವುದು. ಯಾವ ತೀರ್ಪಿನ ಪುಸ್ತಕದಲ್ಲಿಯೂ ಇದು ದಾಖಲಾಗುವುದಿಲ್ಲ.

ನವೆಂಬರ್ ತಿಂಗಳ ಭಾಷಣದಲ್ಲಿ ಕೊಟ್ಟ ಕರಪತ್ರವು ನನ್ನ ನೋಟುಪುಸ್ತಕದಲ್ಲಿ ಉಳಿದಿತ್ತು. ಮರುದಿನ ತಾಲೂಕು ಸಮಿತಿಯ ಕಚೇರಿಗೆ ಹೋದೆವು. ಒಂದು ಅರ್ಜಿ ನಮೂನೆ, ಗುರುತಿನ ಚೀಟಿಯ ನಕಲು, ಸಮನ್ಸು, ದಾವಾಪತ್ರ, ಇಷ್ಟನ್ನು ತೆಗೆದುಕೊಂಡರು. ಹೆಂಗಸಾದ್ದರಿಂದ ಆದಾಯದ ಪತ್ರ ಕೇಳಲಿಲ್ಲ. ಸಮಿತಿಯ ಪಟ್ಟಿಯಲ್ಲಿರುವ ಒಬ್ಬ ವಕೀಲರನ್ನು ನೇಮಿಸಿದ ಪತ್ರ ಗಡುವಿಗೆ ಮುಂಚೆಯೇ ಕೈಗೆ ಬಂತು. ಆ ವಕೀಲರು ವಯಸ್ಸಿನಲ್ಲಿ ನಮ್ಮ ಉಪನ್ಯಾಸಕರಿಗಿಂತ ಚಿಕ್ಕವರು. ದಾವಾಪತ್ರದ ಜತೆಗಿದ್ದ ಆ ‘ಬಿಟ್ಟುಕೊಟ್ಟ ಕಾಗದ’ದ ನಕಲನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ರಿಜಿಸ್ಟರಾಗಿಲ್ಲವಲ್ಲ ಎಂದರು. ನೂರು ರೂಪಾಯಿಗೂ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಹಕ್ಕನ್ನು ಕಾಗದದ ಮೂಲಕ ಬಿಟ್ಟುಕೊಡುವುದಾದರೆ ಆ ಕಾಗದವು ನೋಂದಣಿಯಾಗಿರಬೇಕು. 1908ರ ನೋಂದಣಿ ಕಾಯಿದೆಯ 17ನೆಯ ಕಲಮಿನಲ್ಲಿ ಇದು ಇದೆ. ನಾನು ಆ ಕಾಗದವನ್ನು ಹತ್ತು ಸಲ ಓದಿದ್ದೆ. ಅದರ ಅಕ್ಷರವೆಲ್ಲ ನನಗೆ ತಿಳಿಯುತ್ತಿತ್ತು. ಅದರಲ್ಲಿ ಇಲ್ಲದ ಒಂದು ಮೊಹರು ನನಗೆ ಕಾಣುವಂತಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ವಿಧವೆಯು ಮೊದಲ ವರ್ಗದ ವಾರಸುದಾರಳೆಂಬುದನ್ನೂ ಅವರು ಉತ್ತರಪತ್ರದಲ್ಲಿ ಸೇರಿಸಿದರು. ದಾವೆ ಇನ್ನೂ ನಡೆಯುತ್ತಿದೆ. ಏನಾಗುವುದೋ ಹೇಳಲು ನಾನು ಯಾರು? ಆದರೆ ಎದುರು ಪಕ್ಷದ ಮಾತೊಂದೇ ಕಡತದಲ್ಲಿ ಕೂತಿರುವ ಸ್ಥಿತಿ ಇಲ್ಲ.

ವಕೀಲನೆಂದರೆ ವಾದ ಮಾಡುವವನು ಎಂದು ನಾವು ಸಿನೆಮಾ ನೋಡಿ ತಿಳಿದಿದ್ದೇವೆ. ಸಿವಿಲ್ ಕೋರ್ಟಿನಲ್ಲಿ ಅವನು ಬಹುಪಾಲು ಭಾಷಾಂತರಕಾರ. ನಮ್ಮ ಕಡೆಯ ಕಕ್ಷಿದಾರರು ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ತಮ್ಮ ದುಃಖವನ್ನು ಹೇಳುತ್ತಾರೆ. ಅದು ಕನ್ನಡಕ್ಕೋ ಇಂಗ್ಲಿಷಿಗೋ ಬಂದರೆ ಸಾಲದು, ದುಃಖದ ಭಾಷೆಯಿಂದ ಹಕ್ಕಿನ ಭಾಷೆಗೆ ಬರಬೇಕು. 1979ರಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ಐರ್ಲೆಂಡಿನ ಏರಿ ಎಂಬಾಕೆಯ ಮೊಕದ್ದಮೆಯಲ್ಲಿ ಇದನ್ನೇ ಕಂಡುಕೊಂಡಿತು. ಗಂಡನಿಂದ ನ್ಯಾಯಿಕ ಪ್ರತ್ಯೇಕತೆಯನ್ನು ಬಯಸಿದ ಆಕೆಗೆ ವಕೀಲರಿಗೆ ಕೊಡಲು ಹಣವಿರಲಿಲ್ಲ. ಆಕೆ ತಾನೇ ಹೋಗಿ ವಾದಿಸಬಹುದಿತ್ತಲ್ಲ ಎಂದು ಸರಕಾರ ಹೇಳಿತು. ಹಾಗೆ ಹೋಗಬಹುದೆಂಬ ಹಕ್ಕು ಕಾಗದದ ಮೇಲಿನದು, ಕೆಲಸಕ್ಕೆ ಬರುವ ಹಕ್ಕಲ್ಲ ಎಂದು ನ್ಯಾಯಾಲಯವು ಆಕೆಯ ಪರವಾಗಿ ತೀರ್ಮಾನಿಸಿತು. ಎಲ್ಲ ದೇಶಗಳೂ ಈ ದಾರಿಯಲ್ಲಿಲ್ಲ. ಅಮೆರಿಕದಲ್ಲಿ ಕ್ರಿಮಿನಲ್ ಆರೋಪಿಗೆ ವಕೀಲನನ್ನು ಕೊಡಲೇಬೇಕೆಂದು 1963ರಲ್ಲಿ ತೀರ್ಪಾಯಿತು. ಆದರೆ ತನ್ನ ಮಗುವಿನ ಮೇಲಿನ ಹಕ್ಕನ್ನೇ ಕಳೆದುಕೊಳ್ಳಲಿದ್ದ ಬಡ ತಾಯಿಗೆ ಪ್ರತಿಸಲವೂ ಕೊಡಬೇಕೆಂದಿಲ್ಲ ಎಂದು 1981ರಲ್ಲಿ ಅದೇ ನ್ಯಾಯಾಲಯ ಹೇಳಿತು. ಮೊದಲು ದಾರಿ ತೋರಿದ ಇಂಗ್ಲೆಂಡು 2012ರ ಕಾಯಿದೆಯಿಂದ ಕುಟುಂಬದ ತಕರಾರುಗಳನ್ನು ಬಹುಮಟ್ಟಿಗೆ ನೆರವಿನ ಹೊರಗಿಟ್ಟಿತು. ಈ ದೃಷ್ಟಿಯಿಂದ ನಮ್ಮ 12ನೆಯ ಕಲಮು ಉದಾರವಾದದ್ದೆಂದೇ ಹೇಳಬೇಕು. ಕಾಗದದ ಮೇಲೆ ಉದಾರವಾಗುವುದು ಸುಲಭ ಎಂಬುದೂ ನಿಜ.

ಕುಂದುಗಳನ್ನು ಮುಚ್ಚಿಡಬೇಕಾಗಿಲ್ಲ. ಪಟ್ಟಿಯ ವಕೀಲರಿಗೆ ಸಿಗುವ ಸಂಭಾವನೆ ಅಲ್ಪ. ಆದುದರಿಂದ ಹಣ ಕೊಡುವ ಕಕ್ಷಿದಾರನ ಕೆಲಸ ಮೊದಲು, ಇದು ಆಮೇಲೆ ಎಂಬ ಮನೋಭಾವ ಕೆಲವರಲ್ಲಿ ಇರುವುದು ಆಶ್ಚರ್ಯವಲ್ಲ. ಕಕ್ಷಿದಾರರಿಂದ ಯಾವ ಹಣವನ್ನೂ ಪಡೆಯಕೂಡದೆಂದು 2010ರ ನಿಯಮಾವಳಿಯು ಹೇಳುತ್ತದೆ. ಆದರೂ ‘ಟೈಪಿನ ಖರ್ಚು’ ಎಂಬ ಮಾತು ನಮ್ಮ ನೆರೆಯ ಒಬ್ಬರ ಕಿವಿಗೆ ಬಿದ್ದಿದ್ದುಂಟು. 2022ರಿಂದ ಸರಕಾರದ ಖರ್ಚಿನಲ್ಲಿ ಪೂರ್ಣಕಾಲಿಕ ರಕ್ಷಣಾ ವಕೀಲರನ್ನು ನೇಮಿಸುವ ಒಂದು ಹೊಸ ವ್ಯವಸ್ಥೆ ಬಂದಿದೆ, ಆದರೆ ಅದು ಕ್ರಿಮಿನಲ್ ಮೊಕದ್ದಮೆಗಳಿಗೆ. ಇಲ್ಲಿಯೂ ಸಿವಿಲ್ ಕಕ್ಷಿದಾರರು ಹಿಂದಿನ ಸಾಲಿನಲ್ಲಿಯೇ.

ಲೋಕ ಅದಾಲತ್ತಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಅದೂ ಇದೇ ಕಾಯಿದೆಯ ಮಗು. ಒಂದೇ ದಿನದಲ್ಲಿ ರಾಶಿ ದಾವೆಗಳು ರಾಜಿಯಾದುವೆಂದು ಪತ್ರಿಕೆಗಳಲ್ಲಿ ಓದುತ್ತೇವೆ. ಕಟ್ಟಿದ ಕೋರ್ಟ್ ಫೀ ವಾಪಸು ಸಿಗುತ್ತದೆ, ಬ್ಯಾಂಕಿನ ಸಾಲಕ್ಕೂ ವಾಹನದ ಅಪಘಾತಕ್ಕೂ ಅದು ಬಹಳ ಒಳ್ಳೆಯದು. ಆದರೆ ಅಲ್ಲಿ ಆದ ರಾಜಿಯು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. 21ನೆಯ ಕಲಮಿನಂತೆ ಅದರ ಮೇಲೆ ಅಪೀಲಿಲ್ಲ. ತನ್ನ ಹಕ್ಕು ಎಷ್ಟೆಂದು ತಿಳಿಯದ ಒಬ್ಬ ವಿಧವೆ, ಹಿರಿಯರೆಲ್ಲ ಹೇಳುತ್ತಾರೆಂದು ಅರ್ಧಕ್ಕೆ ಒಪ್ಪಿ ಹೆಬ್ಬೆಟ್ಟು ಒತ್ತಿದರೆ ಅದು ರಾಜಿಯೋ ಶರಣಾಗತಿಯೋ? ರಾಜಿಗೆ ಮೊದಲು ವಕೀಲರ ಸಲಹೆ ಬೇಕು. ನೆರವಿನ ಬದಲಾಗಿ ಅದಾಲತ್ತು ಎಂದಾಗಬಾರದು. ನೆರವಿನ ಬಳಿಕ ಅದಾಲತ್ತು ಎಂದಾದರೆ ಸರಿ. ನಮ್ಮ ದೊಡ್ಡಮ್ಮನ ದಾವೆಯಲ್ಲಿಯೂ ರಾಜಿಯ ಮಾತು ಎದ್ದಿದೆ. ಈ ಸಲ ಅವರು, ನನ್ನ ವಕೀಲರನ್ನು ಕೇಳಿ ಹೇಳುತ್ತೇನೆ ಎಂದರಂತೆ.

ಕೊನೆಯದಾಗಿ ಉಪಯೋಗಕ್ಕೆ ಬರುವ ಕೆಲವು ಮಾತು. ನೆರವಿನಲ್ಲಿ ವಕೀಲರ ಫೀಸು ಮಾತ್ರವಲ್ಲ. ಕೋರ್ಟ್ ಫೀ, ನೋಟೀಸಿನ ಖರ್ಚು, ಕಾಗದಪತ್ರಗಳ ಪ್ರಮಾಣಿತ ನಕಲು, ಸಾಕ್ಷಿಗಳ ಖರ್ಚು ಇವೂ ಸೇರುತ್ತವೆ. ವಾದಿಗೂ ಪ್ರತಿವಾದಿಗೂ, ಅಪೀಲಿನ ಹಂತದಲ್ಲಿಯೂ ಸಿಗುತ್ತದೆ. ಬರೆಯಲು ಬಾರದವರು ಬಾಯಿಮಾತಿನಲ್ಲಿ ಹೇಳಿದರೆ ಕಚೇರಿಯವರು ಅರ್ಜಿಯನ್ನು ಬರೆದುಕೊಳ್ಳಬೇಕು. ಅರ್ಜಿಯನ್ನು ನಿರಾಕರಿಸಿದರೆ ಮೇಲ್ಮನವಿಗೆ ಅವಕಾಶವಿದೆ. ನೇಮಿಸಿದ ವಕೀಲರಿಂದ ಕೆಲಸವಾಗದಿದ್ದರೆ ಬೇರೆಯವರನ್ನು ಕೊಡಿರೆಂದು ಸಮಿತಿಯನ್ನು ಕೇಳಬಹುದು. ಹೋಗಲು ಅನುಕೂಲವಿಲ್ಲದವರಿಗೆ 15100 ಎಂಬ ದೂರವಾಣಿ ಸಂಖ್ಯೆಯಿದೆ. ಬೆಳ್ತಂಗಡಿ ಮೂಡುಬಿದಿರೆಯ ಕಡೆಯಿಂದ ಬರುವ ಮಿತ್ರರು ತಮ್ಮ ಊರಿನ ಕೋರ್ಟಿನಲ್ಲಿಯೇ ವಿಚಾರಿಸಬಹುದು, ಅಥವಾ ಮಂಗಳೂರಿನ ಜಿಲ್ಲಾ ಪ್ರಾಧಿಕಾರಕ್ಕೆ ಬರೆಯಬಹುದು. ಮನೆಗೆ ಸಮನ್ಸು ಬಂದಿದ್ದರೆ ಅದು ಮುಟ್ಟಿದ ತಾರೀಕನ್ನು ಅದರ ಬೆನ್ನಿನ ಮೇಲೆ ಪೆನ್ಸಿಲಿನಿಂದ ಬರೆದಿಟ್ಟು, ಲಕೋಟೆಯ ಸಮೇತ ತೆಗೆದುಕೊಂಡು ಹೋಗಬೇಕು.